ಸೆಕೆಂಡ್ ಶೋಗೆ ದೆವ್ವ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲಬುರಗಿಯ ಹಳೇ ಟಾಕೀಸೊಂದರಲ್ಲಿ ಶನಿವಾರ ರಾತ್ರಿ ಹಳೇ ಹಾರರ್ ಸಿನಿಮಾ ಹಾಕೋಕೆ ಶುರು ಮಾಡಿದ್ದಾರೆ ಅಂತ ಹಿಂದೊಂದು ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಈ ಸಲ ಪತ್ರಗಳು ಬಂದು ಬಿದ್ದಿವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಪೂರ್ತಿ ದೆವ್ವದ ಸಿನಿಮಾಗಳಿಗೇ ಕೊಟ್ಟಿದ್ದೇನೆ. ನನಗೆ ಈ ಸಿನಿಮಾಗಳೆಂದರೆ ಇಷ್ಟ, ಅವನ್ನು ತೋರಿಸುವ ಟಾಕೀಸುಗಳೆಂದರೆ ಇನ್ನೂ ಜಾಸ್ತಿ ಇಷ್ಟ. ಅದನ್ನು ತಿಳಿದುಕೊಂಡೇ ಉತ್ತರ ಓದಿ.

ಪ್ರಶ್ನೆ: ಸರ್, ನಾನು ಡಿಗ್ರಿ ಓದುತ್ತಿದ್ದೇನೆ. ಗೆಳೆಯರ ಜೊತೆ ಆ ಶೋಗೆ ಹೋಗಿದ್ದೆ. 1931ರ ‘ಡ್ರಾಕುಲಾ’ ಹಾಕಿದ್ದರು. ಮೊದಮೊದಲು ಎಲ್ಲರೂ ನಗುತ್ತಿದ್ದರು, ಸೀಟಿ ಹೊಡೆಯುತ್ತಿದ್ದರು. ಅರ್ಧ ಗಂಟೆ ಆದ ಮೇಲೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಇದೇ ಸಿನಿಮಾನ ಹಿಂದೆ ಮೊಬೈಲಲ್ಲಿ ಹಾಕಿಕೊಂಡು ಬೋರ್ ಆಗಿ ಬಿಟ್ಟಿದ್ದೆ. ಸಿನಿಮಾ ಅದೇ, ನಾನೂ ಅವನೇ. ಹಾಗಾದ್ರೆ ಬದಲಾಗಿದ್ದು ಏನು? (ಸೇಡಂ ರಸ್ತೆ, ಕಲಬುರಗಿ)

ಉತ್ತರ: ಕತ್ತಲು ಬದಲಾಯಿತು ತಮ್ಮಾ. ಜೊತೆಗೆ ಸದ್ದು.

ಮೊದಲು ಸದ್ದಿನ ವಿಷಯ ಹೇಳುತ್ತೇನೆ. ಆ ಚಿತ್ರ ತೆಗೆದವರು ಟಾಡ್ ಬ್ರೌನಿಂಗ್, ಡ್ರಾಕುಲಾ ಆಗಿ ನಿಂತವರು ಬೆಲಾ ಲುಗೋಸಿ. ಮಾತಿನ ಚಿತ್ರಗಳು ಬಂದು ಆಗಿನ್ನೂ ಕೆಲವೇ ವರ್ಷ. ಅದರಲ್ಲಿ ಹಿನ್ನೆಲೆ ಸಂಗೀತ ಅನ್ನೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಟೈಟಲ್ ಬರುವಾಗ ಒಂದಿಷ್ಟು, ನಡುವೆ ಸಂಗೀತ ಸಭೆಯ ದೃಶ್ಯದಲ್ಲಿ ಒಂದಿಷ್ಟು, ಮುಗೀತು. ಉಳಿದಂತೆ ಬಾಗಿಲು ಕಿರ್ ಅನ್ನುತ್ತೆ, ಯಾರೋ ನಡೆಯುತ್ತಾರೆ, ಮತ್ತೆ ಏನೂ ಇಲ್ಲ. ಮನೆಯಲ್ಲಿ ಮೊಬೈಲ್ ಹಿಡಿದು ಕೂತರೆ ಆ ‘ಏನೂ ಇಲ್ಲ’ದ ಜಾಗಕ್ಕೆ ಕುಕ್ಕರ್ ಸೀಟಿ, ಪಕ್ಕದ ಮನೆ ಟಿವಿ, ವಾಟ್ಸಾಪ್ ಸದ್ದು ಬಂದು ಕೂರುತ್ತವೆ. ಟಾಕೀಸಿನಲ್ಲಿ ಅಷ್ಟು ಜನ ಒಟ್ಟಿಗೆ ಬಾಯಿ ಮುಚ್ಚಿದಾಗ ಆ ಮೌನ ಹಾಗೇ ಉಳಿಯುತ್ತೆ. ಮೇಲೆ ತಿರುಗುವ ಫ್ಯಾನಿನ ಸದ್ದು ಕೂಡ ಆಗ ಸಿನಿಮಾದ್ದೇ ಅನಿಸುತ್ತೆ.

ಇನ್ನು ಕತ್ತಲು. ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಸಿನಿಮಾ ಪರದೆಯ ಬೆಳಕು ಇರೋದರಿಂದ ಟಾಕೀಸಿನಲ್ಲಿ ಪೂರ್ತಿ ಹೊಂದಿಕೊಳ್ಳುವುದಿಲ್ಲ, ಆದರೂ ನಿಧಾನವಾಗಿ ಕಣ್ಣು ತೆರೆದುಕೊಳ್ಳುತ್ತಾ ಹೋಗುತ್ತೆ. ಶುರುವಲ್ಲಿ ಬರೀ ಕಪ್ಪು ಅಂತ ಕಂಡ ಮೂಲೆಯಲ್ಲಿ ಆಮೇಲೆ ಏನೋ ಇದೆ ಅನ್ನಿಸೋಕೆ ಶುರುವಾಗುತ್ತೆ. ಕಪ್ಪು ಬಿಳುಪು ಹಾರರ್ ತೆಗೆದವರು ಆಡಿದ್ದೇ ಈ ಆಟ. 1922ರ ಜರ್ಮನಿಯ ಮೂಕಿ ಚಿತ್ರ ‘ನೊಸ್ಫೆರಾಟು’ದಲ್ಲಿ ಒಂದು ಕಡೆ ಪಿಶಾಚಿ ಕಾಣುವುದೇ ಇಲ್ಲ, ಮೆಟ್ಟಿಲು ಹತ್ತುವ ಅದರ ನೆರಳು ಮಾತ್ರ ಕಾಣುತ್ತೆ, ಗೋಡೆ ಮೇಲೆ ಉದ್ದುದ್ದ ಬೆರಳಿನ ಕೈ. ದೊಡ್ಡ ಪರದೆ ಮೇಲೆ ಆ ಕೈ ನಮ್ಮ ಎರಡಾಳು ಎತ್ತರ ಇರುತ್ತೆ. ಮೊಬೈಲಿನಲ್ಲಿ ನಿಮ್ಮ ಹೆಬ್ಬೆರಳಿಗಿಂತ ಚಿಕ್ಕದು. ಹೆದರಿಕೆ ಎಲ್ಲಿಂದ ಬರಬೇಕು ಹೇಳಿ.

ಇದರಲ್ಲಿ ನನಗೆ ಬಹಳ ಹಿಡಿಸಿದ ಇನ್ನೊಂದು ಸಂಗತಿ ಇದೆ. ರೀಲಿನ ಕಾಲದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತಿದ್ದವು. ಒಂದು ಚಿತ್ರ ಸರಿದು ಇನ್ನೊಂದು ಬಂದು ನಿಲ್ಲುವವರೆಗೆ ಪ್ರೊಜೆಕ್ಟರಿನ ಒಳಗಿನ ಶಟರ್ ಬೆಳಕನ್ನು ಮುಚ್ಚಬೇಕು, ಇಲ್ಲದಿದ್ದರೆ ಎಲ್ಲ ಕಲಸಿಹೋಗುತ್ತೆ. ಮಿಣುಕು ಕಾಣಬಾರದು ಅಂತ ನಡುವೆ ಇನ್ನೊಂದು ಸಲ ಮುಚ್ಚುತ್ತಿತ್ತು. ಲೆಕ್ಕ ಹಾಕಿದರೆ ಸಿನಿಮಾ ಓಡುವಷ್ಟು ಹೊತ್ತಿನಲ್ಲಿ ಸುಮಾರು ಅರ್ಧ ಹೊತ್ತು ಪರದೆ ಮೇಲೆ ಬೆಳಕೇ ಇರುತ್ತಿರಲಿಲ್ಲ! ಹಿಂದಿನವರು ದೆವ್ವದ ಸಿನಿಮಾದ ಅರ್ಧ ಭಾಗ ನಿಜವಾಗಿಯೂ ಕತ್ತಲಲ್ಲೇ ಕೂತಿದ್ದರು.

ಅಂದಹಾಗೆ ಶುರುವಿನ ನಗು ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ಹೆದರಿಕೆ ಬರೋ ಮುಂಚೆ ಜನ ನಗುತ್ತಾರೆ, ಧೈರ್ಯ ತಂದುಕೊಳ್ಳೋಕೆ. ಅದು ನಿಂತ ಗಳಿಗೆಯೇ ಸಿನಿಮಾ ಗೆದ್ದ ಗಳಿಗೆ, ಅದನ್ನು ನೀವು ಕೂತಲ್ಲೇ ಕೇಳಿಸಿಕೊಂಡಿದ್ದೀರಿ.

ಪ್ರಶ್ನೆ: ರಬ್ಬರ್ ಮುಖವಾಡ ಹಾಕಿದ ದೆವ್ವ ಕಂಡರೆ ಈಗಿನ ಮಕ್ಕಳು ಹೆದರುತ್ತಾರಾ? ಅದು ನಕಲಿ ಅಂತ ಗೊತ್ತಾಗಲ್ವಾ? (ಶಹಾಬಾದ್)

ಉತ್ತರ: ಗೊತ್ತಾಗುತ್ತೆ. ಆಗಿನವರಿಗೂ ಗೊತ್ತಿತ್ತು. 1931ರ ‘ಫ್ರಾಂಕೆನ್‌ಸ್ಟೈನ್’ನಲ್ಲಿ ಬೋರಿಸ್ ಕಾರ್ಲೋಫ್ ಮುಖಕ್ಕೆ ಜ್ಯಾಕ್ ಪಿಯರ್ಸ್ ಗಂಟೆಗಟ್ಟಲೆ ಮೇಕಪ್ ಮಾಡುತ್ತಿದ್ದರು. ಅದು ಮೇಕಪ್ ಅಂತ ಯಾರಿಗೆ ಗೊತ್ತಾಗಲ್ಲ? ಆದರೆ ಆ ಭಾರದ ರೆಪ್ಪೆಗಳ ಕೆಳಗಿನ ಕಣ್ಣು ನೋಡಿ, ಬೆಳಕು ಕಂಡಾಗ ಕೈ ಮೇಲೆತ್ತುವ ರೀತಿ ನೋಡಿ. ಅಳು ಬರುತ್ತೆ. ಹೆದರಿಕೆ, ಕರುಣೆ ಎರಡೂ ಒಟ್ಟಿಗೆ ಬಂದರೆ ಮುಖವಾಡ ಮರೆತೇ ಹೋಗುತ್ತೆ.

ಪ್ರಶ್ನೆ: ನಾನು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು, ಈಗ ಮನೆಯಲ್ಲೇ ಇದ್ದೇನೆ. ಕಾರ್ಬನ್ ಹಚ್ಚಿ ಸಿನಿಮಾ ಓಡಿಸಿದ ಕೈ ಇದು. ರಾಮ್ಸೆ ಪಿಕ್ಚರ್ ಬಂತೆಂದರೆ ಗಾಂಧಿ ಕ್ಲಾಸಿನಲ್ಲಿ ಕಾಲಿಡೋಕೆ ಜಾಗ ಇರುತ್ತಿರಲಿಲ್ಲ. ಈಗ ಒಂದು ಡಬ್ಬಿ ಬರುತ್ತೆ, ಬಟನ್ ಒತ್ತುತ್ತಾರೆ, ಸಿನಿಮಾ ಓಡುತ್ತೆ. ಆ ಭಯ ಈ ಡಬ್ಬಿಯಲ್ಲಿ ಬರುತ್ತೇನಪ್ಪಾ? ನೀವೇ ಹೇಳಿ. (ಯಾದಗಿರಿ)

ಉತ್ತರ: ಕಾಕಾ, ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಚಿಕ್ಕ ಹುಡುಗರಿಗೆ ಗೊತ್ತಾಗಲಿ ಅಂತ ನಿಮ್ಮ ಕೆಲಸದ ಬಗ್ಗೆ ಒಂಚೂರು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಕಾರ್ಬನ್ ಅಂದರೆ ಎರಡು ಕಡ್ಡಿ. ಅವುಗಳ ತುದಿ ನಡುವೆ ಸಣ್ಣ ಸಂದಿಯಲ್ಲಿ ಕರೆಂಟು ಹಾರಿ ಕಣ್ಣು ಕುಕ್ಕುವ ಬೆಳಕು ಬರುತ್ತಿತ್ತು. ಕಡ್ಡಿ ಉರಿದು ಸವೆದಂತೆ ಸಂದಿ ದೊಡ್ಡದಾಗುತ್ತೆ, ಬೆಳಕು ಮಂಕಾಗುತ್ತೆ. ಹಾಗಾಗಿ ಆಪರೇಟರ್ ಸುಮ್ನೆ ಕೂರುವ ಹಾಗಿಲ್ಲ, ಕಡ್ಡಿಯನ್ನು ಮುಂದಕ್ಕೆ ತರುತ್ತಲೇ ಇರಬೇಕು. ಸಾವಿರ ಅಡಿಯ ಒಂದು ರೀಲು ಓಡೋದು ಸುಮಾರು 11 ನಿಮಿಷ. ಎರಡು ರೀಲು ಜೋಡಿಸಿ ಹಾಕಿದರೂ 22 ನಿಮಿಷ. ಅಷ್ಟರೊಳಗೆ ಪಕ್ಕದ ಪ್ರೊಜೆಕ್ಟರಿನಲ್ಲಿ ಮುಂದಿನದು ತಯಾರಿರಬೇಕು. ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತೆ, ಮೋಟಾರ್ ಶುರು. ಇನ್ನೊಂದು ಚುಕ್ಕೆ ಮಿಂಚುತ್ತೆ, ಬದಲಿಸು. ಅಷ್ಟು ಜನರ ಹೆದರಿಕೆ ಒಬ್ಬ ಮನುಷ್ಯನ ಕೈಯಲ್ಲಿತ್ತು. ಚುಕ್ಕೆ ತಪ್ಪಿದರೆ ದೆವ್ವ ಬರೋ ಹೊತ್ತಿಗೆ ಬಿಳಿ ಪರದೆ!

ರಾಮ್ಸೆ ವಿಷಯಕ್ಕೆ ಬರೋಣ. ಅವರದು ಒಂದು ಕುಟುಂಬದ ಕಾರ್ಖಾನೆ. ತಂದೆ ಎಫ್.ಯು. ರಾಮ್ಸೆ, ಏಳು ಜನ ಗಂಡು ಮಕ್ಕಳು. ತುಳಸಿ ಮತ್ತು ಶ್ಯಾಮ್ ನಿರ್ದೇಶನ, ಗಂಗು ಕ್ಯಾಮೆರಾ, ಕಿರಣ್ ಸೌಂಡು, ಅರ್ಜುನ್ ಎಡಿಟಿಂಗ್, ಕುಮಾರ್ ಕಥೆ. ಅಪ್ಪ ತೆಗೆದ ‘ಏಕ್ ನನ್ಹಿ ಮುನ್ನಿ ಲಡ್ಕಿ ಥಿ’ ಅನ್ನೋ 1970ರ ಚಿತ್ರ ಓಡಲಿಲ್ಲ. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭಯಾನಕ ಮುಖವಾಡ ಹಾಕಿ ಕಳ್ಳತನಕ್ಕೆ ಬರುವ ಒಂದು ದೃಶ್ಯ ಇತ್ತು. ಜನ ಆ ದೃಶ್ಯ ನೋಡೋಕೆ ಬಂದು, ಅದು ಮುಗಿದ ಮೇಲೆ ಎದ್ದು ಹೋಗುತ್ತಿದ್ದರು. ಮಕ್ಕಳು ಅದನ್ನು ಗಮನಿಸಿದರು. ಬರೀ ಹೆದರಿಸುವ ಸಿನಿಮಾನೇ ಯಾಕೆ ಮಾಡಬಾರದು ಅಂತ ಶುರು ಮಾಡಿದ್ದು 1972ರ ‘ದೋ ಗಜ್ ಜಮೀನ್ ಕೆ ನೀಚೆ’. ಮಹಾಬಲೇಶ್ವರದ ಒಂದು ಗೆಸ್ಟ್ ಹೌಸಿನಲ್ಲಿ ಮನೆಯವರೆಲ್ಲ ಸೇರಿ ತೆಗೆದರು. ಆಮೇಲೆ 1984ರಲ್ಲಿ ‘ಪುರಾನಾ ಮಂದಿರ್’ ಬಂತು, ಅಜಯ್ ಅಗರ್ವಾಲ್ ಅದರ ದೆವ್ವ ಸಾಮ್ರಿ ಆಗಿ ನಿಂತರು. 1988ರಲ್ಲಿ ‘ವೀರಾನಾ’.

ನಮ್ಮ ಕಡೆ ಇವು ಯಾಕೆ ಅಷ್ಟು ಓಡಿದವು ಅನ್ನೋದಕ್ಕೆ ಕಾರಣ ಇದೆ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಜಿಲ್ಲೆಗಳು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು, ಆದರೆ ಸಿನಿಮಾ ವ್ಯಾಪಾರದವರ ನಕ್ಷೆಯಲ್ಲಿ ನಾವು ಆಮೇಲೂ ‘ನಿಜಾಮ್’ ಏರಿಯಾದಲ್ಲೇ ಉಳಿದೆವು. ಹಿಂದಿ ಚಿತ್ರದ ಹಂಚಿಕೆಗೆ ಇಲ್ಲಿನವರು ಹೈದರಾಬಾದ್ ಕಡೆ ನೋಡುತ್ತಿದ್ದರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ ಆಡುವ ಊರಿಗೆ ಹಿಂದಿ ದೆವ್ವ ಪರಕೀಯ ಅನ್ನಿಸಲೇ ಇಲ್ಲ.

ಈಗ ನಿಮ್ಮ ಪ್ರಶ್ನೆ, ಡಬ್ಬಿಯಲ್ಲಿ ಭಯ ಬರುತ್ತಾ ಅಂತ. ಬರುತ್ತೆ ಕಾಕಾ. ಒಂದು ದೃಷ್ಟಿಯಲ್ಲಿ ಚೆನ್ನಾಗೇ ಬರುತ್ತೆ. ನಿಮ್ಮ ಕಾಲದಲ್ಲಿ ನಮ್ಮ ಊರಿಗೆ ಪ್ರಿಂಟು ಬರುವ ಹೊತ್ತಿಗೆ ಎಷ್ಟೋ ಊರು ಸುತ್ತಿ ಮೈತುಂಬ ಗೀರು ಆಗಿರುತ್ತಿತ್ತು. ತುಂಡಾದ ಕಡೆ ಅಂಟಿಸಿ ಅಂಟಿಸಿ ಒಂದೊಂದು ದೃಶ್ಯವೇ ಮಾಯ. ಈಗ ಚೆನ್ನಾಗಿ ಶುಚಿ ಮಾಡಿದ ಪ್ರತಿ ಸಿಕ್ಕರೆ ಕಪ್ಪು ಕಪ್ಪಾಗೇ ಕಾಣುತ್ತೆ. ಆದರೆ ಒಂದು ಮಾತು ಒಪ್ಪುತ್ತೇನೆ. ಬಟನ್ ಒತ್ತಿ ಕೆಳಗೆ ಚಹಾ ಕುಡಿಯೋಕೆ ಹೋಗುವವನಿಗೆ ಪರದೆ ಮಂಕಾಗಿದೆಯಾ, ಸೌಂಡು ಒಂದೇ ಕಡೆಯಿಂದ ಬರುತ್ತಿದೆಯಾ ಅಂತ ಗೊತ್ತಾಗೋದಿಲ್ಲ. ನೀವು ಆ ಟಾಕೀಸಿನ ಹುಡುಗರಿಗೆ ಒಂದು ದಿನ ಹೋಗಿ ಹೇಳಿಕೊಡಬೇಕು. ಯಂತ್ರದ ಬಗ್ಗೆ ಅಲ್ಲ, ಶೋ ಓಡುವಾಗ ಹಾಲಿನ ಹಿಂದೆ ನಿಂತು ಏನು ನೋಡಬೇಕು ಅಂತ. ಬೇಡ ಅನ್ನುವವರು ಯಾರೂ ಇರಲಾರರು.

ಪ್ರಶ್ನೆ: ಒಬ್ಬರೇ ಕೂತು ಪೂರ್ತಿ ನೋಡಿದರೆ ಬಹುಮಾನ ಅಂತ ಹಿಂದೆ ಟಾಕೀಸಿನವರು ಘೋಷಣೆ ಮಾಡುತ್ತಿದ್ದರಂತೆ, ನೋಡೋಕೆ ಹೋದವನು ಸತ್ತೇ ಹೋದನಂತೆ. ನಿಜಾನಾ? (ಚಿತ್ತಾಪುರ)

ಉತ್ತರ: ಸತ್ತ ಕಥೆ ಪ್ರತಿ ಊರಲ್ಲೂ ಇದೆ, ಪ್ರತಿ ಊರಲ್ಲೂ ಸತ್ತವನು ಪಕ್ಕದ ಊರಿನವನು. ನಂಬಬೇಡಿ. ಆದರೆ ಬಹುಮಾನದ ಘೋಷಣೆಗಳು ನಿಜವಾಗಿ ನಡೆದಿವೆ. 2008ರಲ್ಲಿ ‘ಫೂಂಕ್’ ಬಂದಾಗ ರಾಮ್ ಗೋಪಾಲ್ ವರ್ಮಾ, ಥಿಯೇಟರಿನಲ್ಲಿ ಒಬ್ಬರೇ ಕೂತು ನೋಡಿದವರಿಗೆ 5 ಲಕ್ಷ ಅಂತ ಹೇಳಿದ್ದರು. ಇದರ ಮೂಲ ಇನ್ನೂ ಹಿಂದಿನದು. ಅಮೆರಿಕದ ವಿಲಿಯಂ ಕ್ಯಾಸಲ್ 1958ರ ‘ಮಕಾಬ್ರ್’ ಚಿತ್ರಕ್ಕೆ ಬಂದ ಪ್ರತಿಯೊಬ್ಬರಿಗೂ ಸಾವಿರ ಡಾಲರ್ ವಿಮೆ ಮಾಡಿಸಿದರು, ನೋಡುತ್ತಾ ಹೆದರಿ ಸತ್ತರೆ ಮನೆಯವರಿಗೆ ದುಡ್ಡು. ಮುಂದಿನ ವರ್ಷ ‘ದಿ ಟಿಂಗ್ಲರ್’ಗೆ ಕೆಲವು ಸೀಟುಗಳ ಕೆಳಗೆ ಸಣ್ಣ ಮೋಟಾರ್ ಇಡಿಸಿದರು. ಹೆದರಿಸುವ ದೃಶ್ಯ ಬರೋ ಹೊತ್ತಿಗೆ ಸೀಟು ಗಡಗಡ!

ಇವೆಲ್ಲ ಪ್ರಚಾರದ ಆಟ. ನನ್ನ ಗೌರವ ನಿರ್ದೇಶಕ ಹಿಚ್‌ಕಾಕ್ ಮಾಡಿದ ಆಟಕ್ಕೆ. 1960ರಲ್ಲಿ ‘ಸೈಕೋ’ ಬಂದಾಗ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಟಾಕೀಸುಗಳಿಗೆ ತಾಕೀತು ಮಾಡಿದರು. ಆಗ ಅಲ್ಲಿ ಜನ ನಡುವೆ ಯಾವಾಗ ಬೇಕಾದರೂ ಬಂದು ಕೂರುತ್ತಿದ್ದರು. ಈ ಒಂದು ನಿಯಮದಿಂದ ಎಲ್ಲರೂ ಒಂದೇ ಗಳಿಗೆಗೆ ಬೆಚ್ಚಿಬಿದ್ದರು. ಬಚ್ಚಲಿನ ಆ ಕೊಲೆ ದೃಶ್ಯ ಪರದೆ ಮೇಲೆ ಒಂದು ನಿಮಿಷವೂ ಇಲ್ಲ, ತೆಗೆಯೋಕೆ ಏಳು ದಿನ ಹಿಡಿಯಿತು. ಅಲ್ಲಿ ಸಂಗೀತವೇ ಬೇಡ ಅಂತಿದ್ದರು ಹಿಚ್‌ಕಾಕ್. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯದಲ್ಲಿ ಆ ಕೀರಲು ಸದ್ದು ಮಾಡಿ ಕೇಳಿಸಿದ ಮೇಲೆ ಒಪ್ಪಿದರು.

ಒಬ್ಬರೇ ಕೂತು ನೋಡುವುದರಲ್ಲಿ ಏನು ದೊಡ್ಡಸ್ತಿಕೆ ಇದೆ ಅಂತ ನನಗೆ ಯಾವತ್ತೂ ಅರ್ಥವಾಗಿಲ್ಲ. ಹೌಸ್‌ಫುಲ್ ಹಾಲಿನಲ್ಲಿ ಪಕ್ಕದವನು ಕುರ್ಚಿಯ ಕೈ ಬಿಗಿ ಹಿಡಿದದ್ದು ಗೊತ್ತಾದಾಗ ಆಗುವ ಹೆದರಿಕೆ ಖಾಲಿ ಹಾಲಿನಲ್ಲಿ ಎಲ್ಲಿಂದ ಸಿಗಬೇಕು?

ಪ್ರಶ್ನೆ: ಸರ್, ನಾನು ಶಿಕ್ಷಕಿ. ಹಳೇ ಹಾರರ್ ಸಿನಿಮಾ ಯಾವುದೇ ಇರಲಿ, ಪಾಳುಬಿದ್ದ ಕೋಟೆ, ಹವೇಲಿ, ಗೋರಿ ಇರಲೇಬೇಕು. ನಾವು ಬೀದರಿನವರು ಹುಟ್ಟಿದಾಗಿನಿಂದ ಇವುಗಳ ನಡುವೆಯೇ ಇದ್ದೇವೆ. ಕೋಟೆಗೆ ವಾಕಿಂಗ್ ಹೋಗುತ್ತೇವೆ. ನಮಗೆ ಯಾಕೆ ಹೆದರಿಕೆ ಆಗಲ್ಲ? ಅಥವಾ ಸಿನಿಮಾ ನೋಡಿದ ಮೇಲೆ ಆಗಬೇಕಾ? (ಬೀದರ್)

ಉತ್ತರ: ಅಕ್ಕಾವ್ರೆ, ಈ ಪ್ರಶ್ನೆ ಕೇಳೋಕೆ ಬೀದರಿನವರೇ ಬೇಕಿತ್ತು.

ಯುರೋಪಿನಲ್ಲಿ ಪಾಳು ಕೋಟೆಗಳನ್ನು ಜನ ಬಿಟ್ಟುಹೋಗಿ ಕಾಲವಾಗಿತ್ತು. ಖಾಲಿ ಜಾಗ ಕಂಡ ಕಡೆ ಕಥೆಗಾರರು ದೆವ್ವ ಕೂರಿಸಿದರು. ಅಲ್ಲಿಂದ ಅದು ಸಿನಿಮಾಕ್ಕೆ ಬಂತು, ಅಲ್ಲಿಂದ ಹಿಂದಿಗೆ ಬಂದು ಕೋಟೆ ಹೋಗಿ ಹವೇಲಿ ಆಯಿತು. 1949ರ ‘ಮಹಲ್’ ಶುರುವಾಗುವುದೇ ಹಾಳು ಬಂಗಲೆಯಿಂದ. ಅದರ ‘ಆಯೇಗಾ ಆನೇವಾಲಾ’ ಹಾಡು ಎಲ್ಲೋ ದೂರದಿಂದ ಹತ್ತಿರ ಬರುವಂತೆ ಕೇಳಬೇಕಿತ್ತು. ಅದಕ್ಕೆ ಲತಾ ಮಂಗೇಶ್ಕರ್ ಮೈಕಿನಿಂದ ದೂರ ನಿಂತು ಹಾಡುತ್ತಾ ನಿಧಾನಕ್ಕೆ ಮೈಕಿನ ಕಡೆ ನಡೆದು ಬಂದರು. ಇವತ್ತಿಗೂ ಕೇಳಿ ನೋಡಿ, ಆ ದೂರ ಕಿವಿಗೆ ತಾಗುತ್ತೆ.

ನಮ್ಮ ಕಡೆ ಹಾಗಲ್ಲ. ನಿಮ್ಮ ಅಷ್ಟೂರನ್ನೇ ತಗೊಳ್ಳಿ. ಬಹಮನಿ ಸುಲ್ತಾನರ ಗುಂಬಜುಗಳ ಸಾಲು ಅದು. ಸಿನಿಮಾದವನು ನೋಡಿದರೆ ಇಲ್ಲೇ ಶೂಟಿಂಗ್ ಮಾಡೋಣ, ರಾತ್ರಿ ಹೊಗೆ ಬಿಡೋಣ ಅಂತಾನೆ. ಆದರೆ ಅಲ್ಲಿ ಮಲಗಿರುವ ಅಹ್ಮದ್ ಶಾಹ ವಲಿಯ ಉರುಸಿಗೆ ಮಾಡಿಯಾಳದ ಜಂಗಮರು ಮೆರವಣಿಗೆಯಲ್ಲಿ ಬರುತ್ತಾರೆ, ಹಿಂದೂ ಮುಸ್ಲಿಂ ಅನ್ನದೆ ಜನ ಸೇರುತ್ತಾರೆ. ಕಲಬುರಗಿಯಲ್ಲಿ ಬಂದೇ ನವಾಜರ ದರ್ಗಾ, ಶರಣಬಸವೇಶ್ವರರ ಗುಡಿ, ಎರಡೂ ಸಮಾಧಿಗಳೇ ಅಲ್ವಾ? ಮಕ್ಕಳನ್ನು ಎತ್ತಿಕೊಂಡು ಹೋಗಿ ಹಣೆ ಹಚ್ಚಿಸಿಕೊಂಡು ಬರುವ ಜಾಗಗಳು. ಸಮಾಧಿ ಅಂದರೆ ನಮಗೆ ಬೇಡಿಕೊಳ್ಳುವ ಜಾಗ. ಅಲ್ಲಿ ದೆವ್ವಕ್ಕೆ ಜಾಗ ಎಲ್ಲಿದೆ?

ನಮ್ಮ ಕಡೆಯ ಹೆದರಿಕೆ ಬೇರೆ ಕಡೆ ಇದೆ. ಹೊಲದ ಬಾವಿ, ಹುಣಸೆ ಮರ, ಅಮಾವಾಸ್ಯೆ ದಿನ ನಾಲ್ಕು ದಾರಿ ಕೂಡುವ ಕಡೆ ಬಿದ್ದ ನಿಂಬೆಹಣ್ಣು. ಇದನ್ನು ಸರಿಯಾಗಿ ಪರದೆಗೆ ತಂದರೆ ನೀವು ಹೆದರುತ್ತೀರಿ, ನಾನು ಬರೆದು ಕೊಡುತ್ತೇನೆ. ತೊಗರಿ ಹೊಲ, ನಡುವೆ ಒಂದು ಬಾವಿ, ಮಧ್ಯಾಹ್ನದ ಉರಿಬಿಸಿಲು. ಕತ್ತಲೂ ಬೇಡ. ನಮ್ಮ ಜಿಲ್ಲೆಗಳ ಹುಡುಗರು ಯಾರಾದರೂ ಕ್ಯಾಮೆರಾ ಹಿಡಿದಿದ್ದರೆ ಹವೇಲಿ ಬಿಟ್ಟು ಆ ಬಾವಿ ಕಡೆ ನೋಡಲಿ ಅಂತ ನನ್ನ ಆಸೆ.

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ನಾನೂ ಬರ್ತೀನಿ ಅಂತ ಹಟ ಹಿಡಿದಿದ್ದಾನೆ. ಕರೆದುಕೊಂಡು ಹೋಗಬಹುದಾ? (ಸೇಡಂ)

ಉತ್ತರ: ಪೋಸ್ಟರಿನ ಮೇಲಿನ ಅಕ್ಷರ ನೋಡಿ ತಾಯಿ. ‘ಎ’ ಇದ್ದರೆ 18 ತುಂಬದವರನ್ನು ಒಳಗೆ ಬಿಡುವ ಹಾಗಿಲ್ಲ, ನೀವು ಜೊತೆಗಿದ್ದರೂ ಇಲ್ಲ. ಯು/ಎ ಇದ್ದರೆ ನಿರ್ಧಾರ ನಿಮ್ಮದು. 2023ರ ತಿದ್ದುಪಡಿ ಆದ ಮೇಲೆ ಯು/ಎ ಜೊತೆ 7, 13, 16 ಅಂತ ವಯಸ್ಸೂ ಬರುತ್ತೆ, ಅದನ್ನು ನೋಡಿಕೊಳ್ಳಿ. ಹತ್ತು ವರ್ಷದವನಿಗೆ ಸೆಕೆಂಡ್ ಶೋ ಬೇಡ. ಹೆದರಿಕೆಗಿಂತ ನಿದ್ದೆಗೆಟ್ಟದ್ದೇ ಅವನನ್ನು ಹೆಚ್ಚು ಕಾಡುತ್ತೆ. ಮ್ಯಾಟ್ನಿಗೆ ಹೋಗಿ, ಬದಿಯ ಸೀಟು ಹಿಡಿಯಿರಿ, ಅವನು ಮುಖ ಮುಚ್ಚಿಕೊಂಡರೆ ಎದ್ದು ಬನ್ನಿ. ಪೂರ್ತಿ ನೋಡಿಸಲೇಬೇಕು ಅಂತೇನಿಲ್ಲ.

ಪ್ರಶ್ನೆ: ಕನ್ನಡದಲ್ಲಿ ಹಳೇ ಹಾರರ್ ಇಲ್ವಾ? ಬರೀ ಇಂಗ್ಲಿಷು, ಹಿಂದಿನೇ ಯಾಕೆ? (ಶಹಾಪುರ)

ಉತ್ತರ: ಇದೆ, ಕಡಿಮೆ ಇದೆ. 1979ರ ‘ನಾ ನಿನ್ನ ಬಿಡಲಾರೆ’ ಮೊದಲು ನೋಡಿ. ಅನಂತ್ ನಾಗ್, ಲಕ್ಷ್ಮಿ ಇದ್ದಾರೆ, ಸಂಗೀತ ರಾಜನ್ ನಾಗೇಂದ್ರ. ಹೆಣ್ಣು ದೆವ್ವ ಮೈಮೇಲೆ ಬಂದಾಗ ಅನಂತ್ ನಾಗ್ ಕಣ್ಣು, ನಡಿಗೆ ಹೇಗೆ ಬದಲಾಗುತ್ತೆ ಅನ್ನೋದನ್ನು ದೊಡ್ಡ ಪರದೆ ಮೇಲೆ ನೋಡಬೇಕು. ಮುಖವಾಡವೂ ಇಲ್ಲ, ಹೊಗೆಯೂ ಇಲ್ಲ, ನಟನೆ ಒಂದೇ. ಆಮೇಲೆ ಉಪೇಂದ್ರ ನಿರ್ದೇಶನದ ‘ಶ್!’, 1993ರದ್ದು. 2004ರ ‘ಆಪ್ತಮಿತ್ರ’ ಎಲ್ಲರಿಗೂ ಗೊತ್ತು. ಸೌಂದರ್ಯ ಆ ಚಿತ್ರ ಬಿಡುಗಡೆಯಾಗುವ ಮೊದಲೇ ತೀರಿಹೋದರು. ಪರದೆ ಮೇಲೆ ನಾಗವಲ್ಲಿ ಕುಣಿಯುವಾಗ ಜನರಿಗೆ ಆ ದುಃಖವೂ ಜೊತೆಗಿತ್ತು.

ಪ್ರಶ್ನೆ: ನಮ್ಮ ಗೆಳೆಯರ ಗುಂಪು ಊರಿನ ಇನ್ನೊಂದು ಹಳೇ ಟಾಕೀಸಿನ ಮಾಲೀಕರ ಹತ್ತಿರ ಮಾತಾಡಿ ನಾವೇ ತಿಂಗಳಿಗೊಂದು ಹಳೇ ಹಾರರ್ ಹಾಕಿಸಬೇಕು ಅಂತ ಇದ್ದೇವೆ. ಯೂಟ್ಯೂಬಿನಿಂದ ಇಳಿಸಿ ಹಾಕಿದರೆ ಆಗುತ್ತಾ? ಯಾರ ಪರ್ಮಿಷನ್ ಬೇಕು? ಯಾವ ಸಿನಿಮಾದಿಂದ ಶುರು ಮಾಡೋಣ? (ಬ್ರಹ್ಮಪುರ, ಕಲಬುರಗಿ)

ಉತ್ತರ: ಮೊದಲು ಯೂಟ್ಯೂಬ್ ಬಿಡಿ. ಟಿಕೆಟ್ ಹರಿದು ಹತ್ತು ಜನಕ್ಕೆ ತೋರಿಸಿದರೂ ಅದು ಸಾರ್ವಜನಿಕ ಪ್ರದರ್ಶನ. ಕಾನೂನು ಒಂದು ಕಡೆ ಇರಲಿ, ಆ ಮಸುಕು ಚಿತ್ರವನ್ನು ದೊಡ್ಡ ಪರದೆ ಮೇಲೆ ಹಿಗ್ಗಿಸಿದರೆ ದೆವ್ವ ಯಾವುದು ಬಾಗಿಲು ಯಾವುದು ಗೊತ್ತಾಗೋದಿಲ್ಲ. ಬಂದವರು ಇನ್ನೊಂದು ಸಲ ಬರೋದಿಲ್ಲ.

ಟಾಕೀಸಿಗೆ ಲೈಸೆನ್ಸ್ ಇರುತ್ತೆ, 1964ರ ಕರ್ನಾಟಕ ಸಿನಿಮಾ ಕಾಯ್ದೆಯಡಿ ಅದನ್ನು ಕೊಡೋದು ಜಿಲ್ಲಾಧಿಕಾರಿ. ಅದು ಮಾಲೀಕರ ಜವಾಬ್ದಾರಿ, ಚಾಲ್ತಿಯಲ್ಲಿದೆಯಾ ಅಂತ ಮಾತ್ರ ಕೇಳಿಕೊಳ್ಳಿ. ನಿಮ್ಮ ಕೆಲಸ ಎರಡು, ಸೆನ್ಸಾರ್ ಸರ್ಟಿಫಿಕೇಟ್ ಮತ್ತು ಹಕ್ಕು. ಎಷ್ಟೇ ಹಳೇದಿರಲಿ, ವಿದೇಶದ್ದಿರಲಿ, ಸರ್ಟಿಫಿಕೇಟ್ ಇಲ್ಲದೆ ಟಾಕೀಸಿನಲ್ಲಿ ಹಾಕುವ ಹಾಗಿಲ್ಲ. ಹಕ್ಕಿನ ವಿಷಯಕ್ಕೆ ಬಂದರೆ, ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ. ‘ಮಹಲ್’, 1962ರ ‘ಬೀಸ್ ಸಾಲ್ ಬಾದ್’ ಇವೆಲ್ಲ ಆ ಲೆಕ್ಕ ದಾಟಿವೆ. ಹಾಗಂತ ಸುಮ್ನೆ ಎತ್ತಿಕೊಂಡು ಹಾಕಬೇಡಿ. ಹಾಡು, ಕಥೆಯ ಹಕ್ಕು ಬೇರೆ ಇರಬಹುದು. ಶುಚಿ ಮಾಡಿದ ಪ್ರತಿ ಯಾರ ಹತ್ತಿರ ಇದೆಯೋ ಅವರನ್ನು ಕೇಳಿಯೇ ತರಬೇಕು. ಹಂಚಿಕೆದಾರರ ಹತ್ತಿರ ಒಂದು ಶೋಗೆ ಇಷ್ಟು ಅಂತ ಮಾತಾಡಿ ಬರೆಸಿಕೊಳ್ಳಿ. ಡಿಜಿಟಲ್ ಪ್ರತಿ ಬಂದರೆ ಅದನ್ನು ತೆರೆಯೋಕೆ ಒಂದು ಕೀ ಕಳಿಸುತ್ತಾರೆ, ಅದು ಹೇಳಿದ ದಿನಕ್ಕೆ ಮಾತ್ರ ನಡೆಯುತ್ತೆ. ಶೋ ಹಿಂದಿನ ದಿನವೇ ಹಾಕಿ ನೋಡಿ.

ಇದೆಲ್ಲ ಭಾರ ಅನ್ನಿಸಿದರೆ ಇನ್ನೊಂದು ದಾರಿ ಇದೆ, ಫಿಲ್ಮ್ ಸೊಸೈಟಿ ಮಾಡಿಕೊಳ್ಳೋದು. ದೇಶದ ಫಿಲ್ಮ್ ಸೊಸೈಟಿಗಳ ಒಕ್ಕೂಟ 1959ರಲ್ಲಿ ಹುಟ್ಟಿದ್ದು, ಸತ್ಯಜಿತ್ ರಾಯ್ ಮೊದಲ ಅಧ್ಯಕ್ಷರು. ಅದಕ್ಕೆ ಸೇರಿ ಸದಸ್ಯರಿಗೆ ಮಾತ್ರ ತೋರಿಸಿದರೆ ವಿದೇಶಿ ಹಳೇ ಚಿತ್ರಗಳ ದಾರಿ ಸಲೀಸಾಗುತ್ತೆ. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೂ ಒಂದು ಪತ್ರ ಬರೆಯಿರಿ.

ಮಾಲೀಕರು ಹಳೇ ಸಿನಿಮಾ ಯಾರು ನೋಡ್ತಾರೆ ಅಂತ ಕೇಳೇ ಕೇಳುತ್ತಾರೆ. ‘ತುಂಬಾಡ್’ ಉದಾಹರಣೆ ಕೊಡಿ. 2018ರಲ್ಲಿ ಬಂದಾಗ ಅಷ್ಟಕ್ಕಷ್ಟೇ ಓಡಿದ ಚಿತ್ರ, 2024ರಲ್ಲಿ ಮತ್ತೆ ಹಾಕಿದಾಗ ಮೊದಲಿಗಿಂತ ಜಾಸ್ತಿ ದುಡ್ಡು ಮಾಡಿತು. ಓಟಿಟಿಯಲ್ಲಿ ನೋಡಿದವರೇ ಮತ್ತೆ ಟಿಕೆಟ್ ಕೊಂಡು ಬಂದರು.

ಶುರು ಯಾವುದರಿಂದ? ನನ್ನ ಮಾತು ಕೇಳುವುದಾದರೆ ‘ನಾ ನಿನ್ನ ಬಿಡಲಾರೆ’ ಮೊದಲು. ಮನೆಮಂದಿ ಬರುತ್ತಾರೆ, ಊರಿಗೆ ಸುದ್ದಿ ಹಬ್ಬುತ್ತೆ. ಎರಡನೇ ತಿಂಗಳು ‘ಬೀಸ್ ಸಾಲ್ ಬಾದ್’, ಹಿರಿಯರು ಬರುತ್ತಾರೆ, ಹಾಡಿಗೆ ದನಿ ಸೇರಿಸುತ್ತಾರೆ. ಮೂರನೆಯದು ರಾಮ್ಸೆ, ಹುಡುಗರು ಬಿಡೋದಿಲ್ಲ. ಇಷ್ಟು ನಂಬಿಕೆ ಗಳಿಸಿಕೊಂಡ ಮೇಲೆ ನಾಲ್ಕನೆಯದಕ್ಕೆ ‘ನೊಸ್ಫೆರಾಟು’ ತನ್ನಿ.

ಈ ನಾಲ್ಕನೆಯದರ ಬಗ್ಗೆ ನನಗೆ ಬಹಳ ದಿನದಿಂದ ಒಂದು ಆಸೆ ಇದೆ. ಅದನ್ನು ತೆಗೆದವರು ಮುರ್ನೌ. ಡ್ರಾಕುಲಾ ಕಾದಂಬರಿಯನ್ನು ಅನುಮತಿ ಇಲ್ಲದೆ ಬಳಸಿದರು ಅಂತ ಅದನ್ನು ಬರೆದ ಬ್ರಾಮ್ ಸ್ಟೋಕರ್ ಹೆಂಡತಿ ಕೋರ್ಟಿಗೆ ಹೋದರು, 1925ರಲ್ಲಿ ಎಲ್ಲ ಪ್ರಿಂಟು ನಾಶ ಮಾಡಿ ಅಂತ ಆದೇಶವೂ ಆಯಿತು. ಅಲ್ಲಿ ಇಲ್ಲಿ ಕೆಲವು ಉಳಿದುಕೊಂಡವು. ಹಾಗೆ ಉಳಿದದ್ದನ್ನು ನಾವು ನೋಡುತ್ತಿದ್ದೇವೆ. ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತೆ ಅನ್ನೋದು ಕಾದಂಬರಿಯಲ್ಲಿ ಇಲ್ಲ, ಈ ಚಿತ್ರದಿಂದಲೇ ಬಂದದ್ದು. ಮೂಕಿ ಆದ್ದರಿಂದ ಭಾಷೆಯ ತೊಂದರೆಯೂ ಕಡಿಮೆ. ನಡುನಡುವೆ ಬರುವ ಬರಹವನ್ನು ಯಾರಾದರೂ ಕನ್ನಡದಲ್ಲಿ ಜೋರಾಗಿ ಓದಿದರೆ ಸಾಕು. ನಮ್ಮಲ್ಲಿ ಮೂಕಿ ಕಾಲದಲ್ಲಿ ಹಾಗೆ ಓದಿ ಹೇಳುವವರು ಇರುತ್ತಿದ್ದರು. ಚಿತ್ರಕ್ಕೆ ಅಂತ ಬರೆದಿದ್ದ ಮೂಲ ಸಂಗೀತ ಬಹುಪಾಲು ಕಳೆದುಹೋಗಿದೆ, ಹಾಗಾಗಿ ಎಲ್ಲ ಕಡೆ ಅವರವರ ಸಂಗೀತ ಕೂಡಿಸುತ್ತಾರೆ. ನಮ್ಮೂರಲ್ಲಿ ತಬಲಾ, ಹಾರ್ಮೋನಿಯಂ ಬಲ್ಲವರಿಗೆ ಬರ ಇದೆಯಾ? ಪರದೆಯ ಕೆಳಗೆ ಇಬ್ಬರನ್ನು ಕೂರಿಸಿ. ಆ ನೆರಳು ಮೆಟ್ಟಿಲು ಹತ್ತುವಾಗ ತಬಲಾ ನಿಲ್ಲಿಸಿ ಬರೀ ಹಾರ್ಮೋನಿಯಂನ ಒಂದೇ ಸ್ವರ ಹಿಡಿಯಲಿ. ಅದನ್ನು ಮಾಡುವ ದಿನ ನನಗೆ ಖಂಡಿತ ತಿಳಿಸಿ, ಟಿಕೆಟ್ ದುಡ್ಡು ಕೊಟ್ಟೇ ಬರುತ್ತೇನೆ.

ಪ್ರಶ್ನೆ: ನಾವು ಹಾಸ್ಟೆಲ್ ಹುಡುಗಿಯರು. ಹಾರರ್ ನೋಡೋಕೆ ಆಸೆ, ಸೆಕೆಂಡ್ ಶೋ ಬಿಟ್ಟ ಮೇಲೆ ವಾಪಸ್ ಬರೋದು ಹೇಗೆ? ದೆವ್ವದ ಭಯ ಅಲ್ಲ ಸರ್. (ಕಲಬುರಗಿ)

ಉತ್ತರ: ಅರ್ಥವಾಯಿತು ತಂಗಿ. ನಿಮ್ಮ ಮಾತನ್ನು ಆ ಟಾಕೀಸಿನವರಿಗೆ ಹಾಗೇ ಮುಟ್ಟಿಸಿದ್ದೇನೆ. ಭಾನುವಾರ ಮಧ್ಯಾಹ್ನ ಅದೇ ಚಿತ್ರದ ಒಂದು ಮ್ಯಾಟ್ನಿ ಇಡಿ, ಬಾಲ್ಕನಿಯ ಒಂದು ಭಾಗ ಹೆಣ್ಣುಮಕ್ಕಳಿಗೆ ಬಿಡಿ, ಹೊರಗಿನ ಲೈಟು ಶೋ ಬಿಟ್ಟ ಮೇಲೂ ಉರಿಯಲಿ ಅಂತ ಕೇಳಿದ್ದೇನೆ. ಒಳಗೆ ಕತ್ತಲಿದ್ದರೆ ಹೊರಗೆ ಮಧ್ಯಾಹ್ನ ಇದ್ದರೂ ಸಿನಿಮಾಕ್ಕೆ ಏನೂ ಕಡಿಮೆಯಾಗೋದಿಲ್ಲ. ಹತ್ತಿಪ್ಪತ್ತು ಜನ ಒಟ್ಟಿಗೆ ಬರ್ತೀವಿ ಅಂತ ನೀವೇ ಹೋಗಿ ಮ್ಯಾನೇಜರಿಗೆ ಹೇಳಿ, ಬೇಗ ಒಪ್ಪುತ್ತಾರೆ.

ಪ್ರಶ್ನೆ: ಮುಂದಿನ ಸಾಲಿನವರು ಮೊಬೈಲ್ ಹಚ್ಚಿಕೊಂಡು ಕೂತರೆ ಏನು ಮಾಡಬೇಕು? (ಆಳಂದ)

ಉತ್ತರ: ಭುಜ ತಟ್ಟಿ ಮೆತ್ತಗೆ ಹೇಳಿ. ಕೇಳದಿದ್ದರೆ ಗೇಟ್‌ಕೀಪರನ್ನು ಕರೆಯಿರಿ, ನಾಚಿಕೊಳ್ಳಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಎಷ್ಟು ಹೊತ್ತು ಬೇಕು ಅಂತ ಮೇಲೆ ಬರೆದಿದ್ದೇನಲ್ಲ, ಅದು ಕೆಡೋಕೆ ಒಂದು ಮೊಬೈಲಿನ ಒಂದು ಗಳಿಗೆ ಸಾಕು. ಅವರೊಬ್ಬರದ್ದಲ್ಲ, ಹಿಂದಿನ ನಾಲ್ಕು ಸಾಲಿನದ್ದೂ ಕೆಡುತ್ತೆ. ಟಾಕೀಸಿನವರು ಶೋಗೆ ಮುಂಚೆ ಪರದೆ ಮೇಲೆ ಒಂದು ಸ್ಲೈಡ್ ಹಾಕಲಿ, ಇಂಟರ್ವಲ್ ಮುಗಿದ ಮೇಲೆ ಇನ್ನೊಂದು ಸಲ ಹಾಕಲಿ. ಆಳಂದದಿಂದ ಬರುವವರು ಬಸ್ಸಿನ ಟೈಮ್ ನೋಡಿಕೊಂಡು ಬನ್ನಿ, ಹಳೇ ಹಾರರ್‌ನಲ್ಲಿ ಕೊನೆಯ ಹತ್ತು ನಿಮಿಷ ಬಿಟ್ಟು ಎದ್ದರೆ ಬಂದದ್ದೇ ದಂಡ.